ಫೈವ್ ನೈನ್ ಡಾಕ್ಟರು

ಡಾಕ್ಟರನ್ನು ರಾವಂದೂರಿನ ಅವರ ಮನೆತನದ ಹೊಲದಲ್ಲಿ, ಅವರ ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಿದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ, ಬೆನ್ನು ನೆಟ್ಟಗೆ. ಗುಂಡಿಯ ಅಂಚಿನಲ್ಲಿ ನನ್ನ ಪಕ್ಕ ನಿಂತಿದ್ದ ಕೆ.ಆರ್. ನಗರದ ಅಕ್ಕಿ ಗಿರಣಿಯ ಯಜಮಾನರು ಬಗ್ಗಿ ನೋಡಿ, ನನಗಷ್ಟೇ ಕೇಳುವ ಹಾಗೆ ಹೇಳಿದರು: "ಸ್ಟೇಷನ್ ಬೆಂಚಲ್ಲಿ ಕೂತಂಗೇ ಕೂತವ್ರೆ ನೋಡಿ ಮೇಡಂ. ಯಾವ್ ಗಾಡಿಗೆ ಕಾಯ್ತಾ ಅವ್ರೋ."

ಅಳು ಬರುತ್ತದೆ ಎಂದುಕೊಂಡು ಹೋದ ನನಗೆ ನಗು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಸುತ್ತ ಇದ್ದವರು ನಾನು ಬಿಕ್ಕುತ್ತಿದ್ದೇನೆ ಎಂದುಕೊಂಡು ದಾರಿ ಬಿಟ್ಟರು.

ಅವರು ಸತ್ತದ್ದು ಕಾಯಿಲೆಯಿಂದ, ಆಸ್ಪತ್ರೆಯ ಹಾಸಿಗೆಯಲ್ಲಿ, ಹೆಂಡತಿ ಪಕ್ಕದಲ್ಲಿರುವಾಗ. ಆದರೆ ಅವರನ್ನು ನೆನೆದರೆ ನನಗೆ ಆಸ್ಪತ್ರೆ ಕಾಣುವುದಿಲ್ಲ. ರೈಲು ಹಳಿಯ ಪಕ್ಕದ ಹೊಂಗೆ ಮರ ಕಾಣುತ್ತದೆ, ಅವರ ಕೈಯಲ್ಲಿ ಮೇಲೇಳುತ್ತಿರುವ ಬಿದಿರು ಗಳ ಕಾಣುತ್ತದೆ. ಆವತ್ತು ಏನೂ ಆಗಲಿಲ್ಲ. ಆಗಿದ್ದರೆ ಅತ್ತು ಮುಗಿಸಬಹುದಿತ್ತೋ ಏನೋ. ಆಗದೇ ಹೋದದ್ದು ಮುಗಿಯುವುದೇ ಇಲ್ಲ.

ನಾನು ಹುಣಸೂರಿನ ಕಾಲೇಜಿಗೆ ಇತಿಹಾಸ ಕಲಿಸಲು ಬಂದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಪಕ್ಕದ ಮನೆ. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವರಲ್ಲ, ಅವರ ತಾರಸಿ. ಬೇರೆಯವರ ತಾರಸಿಯ ಮೇಲೆ ಸಂಡಿಗೆ ಒಣಗುತ್ತಿದ್ದರೆ ಇವರದರ ಮೇಲೆ ಅಲ್ಯುಮಿನಿಯಂ ಕಡ್ಡಿಗಳು, ತಾಮ್ರದ ತಂತಿ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯಿಂದ ತಂದ ಬಿದಿರು ಗಳಗಳು. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಆ ತಾಮ್ರದ ತಂತಿಯ ಮೇಲೇ ಬಟ್ಟೆ ಹರವುತ್ತಿದ್ದರು.

"ನಿನ್ನ ಟವಲ್ ತೆಗಿಯೇ. ಶ್ರೀಲಂಕಾದವನು ಕಾಯ್ತಿದಾನೆ" ಎಂದು ಡಾಕ್ಟರು ಕೆಳಗಿನಿಂದ ಹೇಳುವರು.

"ಕಾಯ್ಲಿ ಬುಡಿ ಒಂದ್ ಗಳಿಗೆ. ಅವನ್ಗೋಸ್ಕರ ನಾವು ಒದ್ದೆ ಟವಲ್ಲಲ್ಲಿ ಮೈ ಒರೆಸ್ಕಳಕಾಯ್ತದಾ?" ಎಂದು ಅಕ್ಕ ಮೇಲಿನಿಂದ.

ಅವರು ದನದ ಡಾಕ್ಟರು. ನಿವೃತ್ತರಾಗಿದ್ದರೂ ಬೀದಿಯವರಿಗೆಲ್ಲ ಡಾಕ್ಟರೇ. ಸರ್ವಿಸೆಲ್ಲ ರೈಲಿಲ್ಲದ ಊರುಗಳಲ್ಲೇ ಕಳೆದಿತ್ತು: ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಬೆಟ್ಟದಪುರ, ಕಾಡಂಚಿನ ವೀರನಹೊಸಹಳ್ಳಿ. ಹುಣಸೂರಿಗೂ ರೈಲಿಲ್ಲ. "ನಮ್ಮ ಕಡೆಗೆ ಪ್ರತಿ ಎಲೆಕ್ಷನ್‌ಗೂ ಒಂದು ರೈಲು ಬರುತ್ತೆ ಮೇಡಂ, ಸ್ಟಾಪ್ ಮಾತ್ರ ಇಲ್ಲ" ಎನ್ನುತ್ತಿದ್ದರು. ಹೀಗಾಗಿ ಅವರೇ ರೈಲಿನ ಹತ್ತಿರ ಹೋಗುತ್ತಿದ್ದರು. ಪ್ರತಿ ಭಾನುವಾರ ಕೆ.ಆರ್. ನಗರ. ಎಲ್ಲಿಗೂ ಪ್ರಯಾಣವಿಲ್ಲ, ಯಾರನ್ನೂ ಕರೆತರುವುದಿಲ್ಲ, ಕಳಿಸುವುದಿಲ್ಲ. ರೈಲು ಬರುವುದನ್ನು ನೋಡುವುದು, ಹೋಗುವುದನ್ನು ನೋಡುವುದು, ಬಸ್ಸು ಹತ್ತಿ ಮನೆಗೆ ಬರುವುದು.

ಹವ್ಯಾಸಿಗಳು ತಾವೇ ತಂತಿ ಕಟ್ಟಿ ದೂರದೇಶದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೊ ಹಿಡಿದದ್ದು ವೀರನಹೊಸಹಳ್ಳಿಯಲ್ಲಿ. ಕೈಯಲ್ಲಿ ಫೋನಿಲ್ಲದ ಕಾಲ, ಸಂಜೆಯಾದರೆ ಮಾತಾಡಲು ಜನವಿಲ್ಲದ ಕ್ವಾರ್ಟರ್ಸು. ಸರ್ಕಾರದ ಪರೀಕ್ಷೆ ಕಟ್ಟಿ, ಲೈಸೆನ್ಸ್ ಪಡೆದು, ಆಸ್ಪತ್ರೆಯ ಹಿಂದಿನ ಎರಡು ಮರಗಳಿಗೆ ತಂತಿ ಕಟ್ಟಿದರಂತೆ. ಎತ್ತಿಗೆ ಮದ್ದು ಹಾಕಿಸಲು ಬಂದ ರೈತನೊಬ್ಬ ಅದನ್ನು ಬಹಳ ಹೊತ್ತು ನೋಡಿದ.

"ಸ್ವಾಮಿ, ಈ ತಂತಿ ಆನೆಗಾ?"

"ಅಲ್ಲಪ್ಪ, ಮಾತಿಗೆ."

"ಇದ್ರಲ್ಲಿ ಮಾತು ಬತ್ತದಾ?"

"ಬರುತ್ತೆ. ಜಪಾನಿಂದ ಬರುತ್ತೆ."

ರೈತ ಸ್ವಲ್ಪ ಯೋಚಿಸಿ ಹೇಳಿದನಂತೆ: "ಅಂಗಾರೆ ಆನೆ ಯಾವಾಗ ಬತ್ತದೆ ಅಂತ ಒಸಿ ಕೇಳಿ ಸ್ವಾಮಿ. ಜಪಾನು ಆಮೇಕೆ ಆಗ್ಲಿ."

ಈ ಕಥೆಯನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದರು. ಪ್ರತಿ ಸಲವೂ ಕೊನೆಗೆ, "ಅವನು ಕೇಳಿದ್ದರಲ್ಲಿ ತಪ್ಪಿಲ್ಲ ಮೇಡಂ. ನಾನು ಇನ್ನೂ ಉತ್ತರ ಕೊಟ್ಟಿಲ್ಲ" ಎನ್ನುವರು.

ಮೊದಲು ಕೇಳು, ಆಮೇಲೆ ಮಾತಾಡು. ಇದು ಹ್ಯಾಮ್‌ಗಳ ಮೊದಲ ಪಾಠವಂತೆ. ಯಾವ ತರಂಗದಲ್ಲಾದರೂ ಬಾಯಿ ತೆರೆಯುವ ಮುಂಚೆ ಅಲ್ಲಿ ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕಿವಿಗೊಡಬೇಕು. ಡಾಕ್ಟರಿಗೆ ಇದು ರೇಡಿಯೊದಿಂದ ಬಂದದ್ದೋ ದನಗಳಿಂದ ಬಂದದ್ದೋ ಗೊತ್ತಿಲ್ಲ. ಒಮ್ಮೆ ನಮಗೆ ಹಾಲು ಹಾಕುವ ಹೆಂಗಸಿನ ಹಸು ಮೇವು ಬಿಟ್ಟು ನಿಂತಿತ್ತು. ಡಾಕ್ಟರು ಸ್ಟೆತಸ್ಕೋಪು ತರಲು ಒಳಗೆ ಹೋಗಲೂ ಇಲ್ಲ. ಹಸುವಿನ ಎಡ ಪಕ್ಕೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು. ಬೀದಿಯಲ್ಲಿ ನಿಂತವರೆಲ್ಲ ಸುಮ್ಮನಾದರು.

"ಗುಡುಗೇ ಇಲ್ಲ. ಹೊಟ್ಟೆ ನಿಂತುಹೋಗಿದೆ. ಏನು ತಿನ್ನಿಸಿದೆ?"

"ಏನಿಲ್ಲ ಸ್ವಾಮಿ. ಮದ್ವೆ ಮನೇಲಿ ಅನ್ನ ಮಿಕ್ಕಿತ್ತು."

"ಮಿಕ್ಕಿದ್ದೆಲ್ಲಾ ಇದಕ್ಕೇ ಹಾಕಿದ್ಯಾ? ಪಾಯಸ ಬಿಟ್ಟಿದ್ಯೋ, ಅದೂ ಆಯ್ತೋ?"

ಹೆಂಗಸು ತಲೆ ತಗ್ಗಿಸಿದಳು. ಪಾಯಸವೂ ಆಗಿತ್ತು. ಹಸು ಬದುಕಿತು.

ಎರಡು ಹವ್ಯಾಸಗಳನ್ನು ಅವರು ಒಂದು ಮಾಡಿದ್ದು ಗಿರಣಿ ಯಜಮಾನರಿಂದಾಗಿ. ಯಜಮಾನರ ಗಿರಣಿ ಕೆ.ಆರ್. ನಗರದಲ್ಲಿ ಹಳಿಗೆ ಆತುಕೊಂಡಂತೆ ಇದೆ. ಅವರ ಎಮ್ಮೆಗಳಿಗೆ ಮದ್ದು ಕೊಡಲು ಹೋಗಿ ಡಾಕ್ಟರು ಯಜಮಾನರಿಗೂ ರೇಡಿಯೊದ ರುಚಿ ಹತ್ತಿಸಿದ್ದರು. ಪರೀಕ್ಷೆಗೆ ಓದಿಸಿ, ಪಾಸು ಮಾಡಿಸಿ, ಲೈಸೆನ್ಸ್ ಬರುವವರೆಗೂ ಬಿಡಲಿಲ್ಲ. ಆಮೇಲೆ ಭಾನುವಾರಗಳು ಬದಲಾದವು. ಊರಾಚೆ, ಕಾಲುವೆಯ ಏರಿ ಹಳಿಗೆ ಹತ್ತಿರವಾಗುವಲ್ಲಿ ಒಂದು ಹೊಂಗೆ ಮರ. ಕರೆಂಟು ಕಂಬಗಳ ಕಿರಿಕಿರಿಯಿಲ್ಲದ ಜಾಗ, ರೇಡಿಯೊಗೆ ಹೇಳಿ ಮಾಡಿಸಿದಂತಿತ್ತು. ಡಾಕ್ಟರು ಅಲ್ಲಿ ಬಿದಿರು ಗಳದ ತುದಿಗೆ ತಂತಿ ಕಟ್ಟಿ, ಗಳವನ್ನು ಎತ್ತಿ ಮರದ ಕವಲಿಗೆ ಒರಗಿಸಿ, ಕೆಳಗೆ ಮಡಿಸುವ ಕುರ್ಚಿ ಹಾಕಿಕೊಂಡು ದೂರದವರ ಜೊತೆ ಮಾತಾಡುತ್ತ ಕೂರುವರು. ಯಜಮಾನರ ಜೊತೆ ಮಾತಿಗೆ ಬೇರೆ, ಅಂಗೈಯಗಲದ ಸೆಟ್ಟು. ರೈಲು ಬಂದರೆ ಎಲ್ಲ ಮಾತೂ ನಿಲ್ಲುತ್ತಿತ್ತು. ಅದು ದಾಟಿದ ಮೇಲೆ ಕೈ ಸೆಟ್ಟು ಎತ್ತಿಕೊಂಡು ಹೇಳುವರು:

"ಯಜಮಾನ್ರೇ, ನನ್ನ ಕಡೆಯಿಂದ ಕಳಿಸಿದೀನಿ. ನೋಡ್ಕೊಳ್ಳಿ."

ಸ್ವಲ್ಪ ಹೊತ್ತಿಗೆ ಗಿರಣಿಯಿಂದ ಉತ್ತರ: "ಬಂತು ಡಾಕ್ಟ್ರೇ. ಒಂದ್ ಬೋಗೀನೂ ಕಮ್ಮಿ ಇಲ್ಲ. ಎಲ್ಲಾ ಸರ್ಯಾಗ್ ತಲುಪ್ತು."

ಇದೇ ಆಟ. ಅರಸೀಕೆರೆ ಕಡೆಗೆ ಹೋಗುವ ಗಾಡಿಯನ್ನು ಇವರು ಅವರಿಗೆ ಒಪ್ಪಿಸುವುದು, ಮೈಸೂರು ಕಡೆಗೆ ಬರುವುದನ್ನು ಅವರು ಇವರಿಗೆ ಒಪ್ಪಿಸುವುದು. ಇಬ್ಬರು ಹಿರಿಯರು ರೈಲನ್ನು ಕರುವಿನ ಹಾಗೆ ಹಗ್ಗ ಹಿಡಿದು ಕೈ ಬದಲಾಯಿಸುತ್ತಿದ್ದರು. ರೈಲ್ವೆಯವರು ತಮ್ಮೊಳಗೆ ಮಾತಾಡುವ ತರಂಗಕ್ಕೆ ಮಾತ್ರ ಡಾಕ್ಟರು ಎಂದೂ ಕಿವಿ ಹಾಕಲಿಲ್ಲ. ಯಾವ ಗಾಡಿ ಎಲ್ಲಿದೆ ಎಂದು ಸುಲಭವಾಗಿ ಗೊತ್ತಾಗುತ್ತದಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಇನ್ನೊಬ್ಬರ ಕೊಟ್ಟಿಗೆಗೆ ಕೇಳದೆ ತಲೆ ಹಾಕಬಾರದು ಮೇಡಂ" ಎಂದರು.

ಹ್ಯಾಮ್‌ಗಳಲ್ಲಿ ಇನ್ನೊಂದು ಪದ್ಧತಿ ಇದೆ. ಯಾರಾದರೂ ಕರೆದರೆ ಮೊದಲು ಅವರ ದನಿ ಹೇಗೆ ಕೇಳುತ್ತಿದೆ ಎಂದು ಅಂಕಿಯಲ್ಲಿ ಹೇಳಬೇಕು. ಮಾತು ಎಷ್ಟು ಅರ್ಥವಾಗುತ್ತಿದೆ ಎಂಬುದಕ್ಕೆ ಐದರವರೆಗೆ, ಎಷ್ಟು ಜೋರಾಗಿದೆ ಎಂಬುದಕ್ಕೆ ಒಂಬತ್ತರವರೆಗೆ. ಫೈವ್ ನೈನ್ ಎಂದರೆ ಸ್ಪಷ್ಟ, ಜೋರು, ಏನೂ ಕೊರತೆಯಿಲ್ಲ. ಬಹಳ ಜನ ಹೇಗೇ ಕೇಳಿದರೂ ಮರ್ಯಾದೆಗೆಂದು ಫೈವ್ ನೈನ್ ಅಂದುಬಿಡುತ್ತಾರಂತೆ, ಮದುವೆ ಮನೆಯಲ್ಲಿ ಊಟ ಚೆನ್ನಾಗಿತ್ತು ಎನ್ನುವ ಹಾಗೆ. ಡಾಕ್ಟರು ಅದಕ್ಕೆ ಒಪ್ಪುತ್ತಿರಲಿಲ್ಲ. "ನಿಮ್ಮದು ತ್ರೀ ಫೋರ್. ಗೊಜ್ಜಿನ ಒಳಗಿಂದ ಮಾತಾಡಿದ ಹಾಗಿದೆ. ಮೈಕು ಬದಲಾಯಿಸಿ" ಎಂದು ಮುಖಕ್ಕೆ ಹೊಡೆದಂತೆ ಹೇಳುವರು. ಕೆಲವರಿಗೆ ಸಿಟ್ಟು ಬರುತ್ತಿತ್ತು. "ಸುಳ್ಳು ರಿಪೋರ್ಟ್ ಕೊಟ್ಟರೆ ಅವನು ಅದೇ ಹರಕು ಮೈಕಲ್ಲಿ ಸಾಯೋವರೆಗೂ ಮಾತಾಡ್ತಾನೆ. ಅದು ಉಪಕಾರನಾ?" ಎಂದು ನನ್ನನ್ನು ಕೇಳುವರು. ನಾನು ಆಗಲೇ ಉತ್ತರಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು, ಪಾಸಾಗದವರನ್ನು ಪಾಸು ಮಾಡುವ ಕೆಲಸದಲ್ಲಿರುತ್ತಿದ್ದೆ.

ಕಡೆಯ ವರ್ಷಗಳಲ್ಲಿ ಅವರು ಮೆತ್ತಗಾದರು. ಎಲ್ಲರಿಗೂ ಫೈವ್ ನೈನ್. ಹೊಸಬರಿಗೂ ಹಳಬರಿಗೂ, ಶ್ರೀಲಂಕಾದವನಿಗೂ ಗಿರಣಿಗೂ. ಕರೆದವರಿಗೆ ಫೈವ್ ನೈನ್ ಕೊಟ್ಟು, ನಾಲ್ಕು ಮಾತು ತಾವೇ ಆಡಿ, ಶುಭ ಹಾರೈಸಿ ಮುಗಿಸುವರು. ಯಜಮಾನರು ನನ್ನ ಹತ್ತಿರ ಹೇಳಿದರು: "ಡಾಕ್ಟ್ರು ಈಗೀಗ ಬಾಳ ಒಳ್ಳೇರಾಗವ್ರೆ ಕಣ್ರೀ. ಮೊದ್ಲು ನನ್ ಸಿಗ್ನಲ್‌ಗೆ ಇಷ್ಟ್ ಬಯ್ಯೋರು. ಈಗ ಏನ್ ಮಾತಾಡಿದ್ರೂ ಫೈವ್ ನೈನ್. ವಯಸ್ಸಾದ್ಮೇಲೆ ಮನ್ಸು ಎಷ್ಟ್ ದೊಡ್ದಾಯ್ತದೆ ನೋಡಿ."

ನಾನೂ ಹಾಗೇ ತಿಳಿದೆ. ಅವರು ಮನೆಯಲ್ಲಿ ಮಾತು ಕಡಿಮೆ ಮಾಡಿದ್ದು ಗಮನಕ್ಕೆ ಬಂದಿತ್ತು. ನಾನು ಏನಾದರೂ ಹೇಳಿದರೆ ಮುಖವನ್ನೇ ನೋಡುತ್ತ ನಗುವರು. ಅದನ್ನೂ ವಯಸ್ಸಿನ ಲೆಕ್ಕಕ್ಕೇ ಹಾಕಿದೆ.

ಆ ಹೊತ್ತಿಗೆ ಅವರು ಬಸ್ಸಿನಲ್ಲಿ ಒಬ್ಬರೇ ಹೋಗುವುದು ನಿಂತಿತ್ತು. ಅಕ್ಕ ನನ್ನ ಮನೆ ಬಾಗಿಲಿಗೆ ಬಂದು, "ನಿಂಗೂ ಭಾನ್ವಾರ ರಜ ತಾನೆ. ನಿನ್ ಕಾರಲ್ಲಿ ಒಸಿ ಕರ್ಕೊಂಡ್ ಹೋಗ್ ಬಾರವ್ವ. ಒಬ್ರನ್ನೇ ಬುಡಕೆ ನಂಗ್ಯಾಕೋ ಮನ್ಸಾಗಕಿಲ್ಲ" ಎಂದಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ನನಗೂ ಭಾನುವಾರ ಮನೆಯಿಂದ ಹೊರಗಿರುವುದು ಬೇಕಿತ್ತು. ಮರದ ಕೆಳಗೆ ಕಾರು ನಿಲ್ಲಿಸಿ ಪೇಪರು ತಿದ್ದುತ್ತ ಕೂರುವುದು ಅಭ್ಯಾಸವಾಯಿತು.

ಹಳಿಯ ಪಕ್ಕದಲ್ಲಿ ಕರೆಂಟು ರೈಲಿಗೆಂದು ಹೊಸ ಕಂಬಗಳು ಬಂದದ್ದು ಆ ಕಾಲದಲ್ಲೇ. ಮೊದಲು ಕಂಬ, ಆಮೇಲೆ ಅವುಗಳ ತೋಳು, ಆಮೇಲೆ ತಂತಿ. ಎಲ್ಲ ಆದ ಮೇಲೂ ಬಹಳ ದಿನ ಅದರ ಕೆಳಗೆ ಹಳೆಯ ಡೀಸೆಲ್ ಎಂಜಿನ್ನುಗಳೇ ಕೂಗುತ್ತ ಓಡಾಡುತ್ತಿದ್ದವು. ಡಾಕ್ಟರಿಗೆ ಆ ಕಂಬಗಳ ಮೇಲೆ ಬೇಸರ, ರೈಲಿನ ಮೈ ಪೂರ್ತಿ ಕಾಣುವುದಿಲ್ಲ ಎಂದು. "ಬರೀ ತಂತಿ ಮೇಡಂ. ಇನ್ನೂ ಕರೆಂಟು ಬಿಟ್ಟಿಲ್ಲ. ಬಿಟ್ಟ ದಿನ ನಾನು ಇಲ್ಲಿ ಗಳ ಎತ್ತೋದು ನಿಲ್ಲಿಸ್ತೀನಿ" ಎಂದು ಅವರಾಗಿಯೇ ಹೇಳಿದ್ದರು. ಹೇಳಿದಂತೆ ನಡೆಯುವ ಮನುಷ್ಯ. ಅದಕ್ಕೇ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಆ ಭಾನುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಗದ್ದೆಯಲ್ಲಿ ಭತ್ತ ಹಾಲುಗಟ್ಟುವ ಕಾಲ, ಗಾಳಿ ಬೀಸಿದಾಗಲೆಲ್ಲ ಪೈರು ಒಂದೇ ಕಡೆಗೆ ಬಾಗುತ್ತಿತ್ತು. ಡಾಕ್ಟರು ಕಾರಿನ ಮೇಲೆ ಕಟ್ಟಿ ತಂದಿದ್ದ ಗಳ ಬಿಚ್ಚಿಕೊಂಡು, ತಂತಿ ಕಟ್ಟಿಕೊಂಡು ಏರಿ ಹತ್ತಿದರು. ಅವರ ಕೈ ಸೆಟ್ಟು ನನ್ನ ಪಕ್ಕದ ಸೀಟಿನಲ್ಲಿತ್ತು. ನಾನು ಕೆಂಪು ಪೆನ್ನು ತೆಗೆದೆ.

ಸೆಟ್ಟಿನಿಂದ ಯಜಮಾನರ ದನಿ ಬಂತು. "ಡಾಕ್ಟ್ರೇ, ಎಲ್ಲಿದ್ದೀರಿ? ಮರದ ತಾವ ಹೋಗಿಲ್ಲ ತಾನೆ? ಲೈನ್‌ಗೆ ಕರೆಂಟ್ ಬುಟ್ಟವ್ರೆ ಅಂತ ಆವತ್ತೇ ಹೇಳಿವ್ನಿ, ಆದ್ರೂ ಇನ್ನೊಂದಪ ಹೇಳ್ತೀನಿ. ಗಳ ಎತ್ಬ್ಯಾಡಿ."

ತಲೆ ಎತ್ತಿದೆ. ಡಾಕ್ಟರು ನನಗೆ ಬೆನ್ನು ಹಾಕಿ ನಿಂತಿದ್ದರು. ಗಳದ ಬುಡವನ್ನು ಕಾಲಿನಿಂದ ಒತ್ತಿ ಹಿಡಿದು, ಕೈ ಬದಲಾಯಿಸುತ್ತ ಬದಲಾಯಿಸುತ್ತ ಅದನ್ನು ನಿಲ್ಲಿಸುತ್ತಿದ್ದರು. ತುದಿಯ ತಾಮ್ರದ ತಂತಿ ಗಾಳಿಗೆ ಹಳಿಯ ಕಡೆಗೆ ತೇಲುತ್ತಿತ್ತು.

"ಡಾಕ್ಟ್ರೇ, ಬೇಡ" ಎಂದೆ. ಸಾಕಷ್ಟು ಜೋರಾಗಿಯೇ ಎಂದೆ. ಗದ್ದೆಯಾಚೆ ಹುಲ್ಲು ಕೊಯ್ಯುತ್ತಿದ್ದವನು ತಿರುಗಿ ನೋಡಿದ. ಡಾಕ್ಟರು ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ. ಹುಲ್ಲು ಕೊಯ್ಯುವವನೂ ಕೂಗಿದ. ಗಳ ಇನ್ನಷ್ಟು ಮೇಲೆದ್ದಿತು. ಆಗ ನನಗೆ ತಿಳಿಯಿತು, ಇವರಿಗೆ ಕೇಳುತ್ತಿಲ್ಲ. ಗಾಳಿಯಿಂದಲ್ಲ, ಗಮನ ಬೇರೆ ಕಡೆ ಇರುವುದರಿಂದಲ್ಲ. ಕೇಳುತ್ತಲೇ ಇಲ್ಲ.

ಓಡಿದ್ದು ನೆನಪಿಲ್ಲ. ಅವರ ಅಂಗಿಯ ಬೆನ್ನು ನನ್ನ ಎಡಗೈಗೆ ಸಿಕ್ಕಿದ್ದು, ಬಲಗೈ ಬಿದಿರನ್ನು ಹಿಡಿದು ಗದ್ದೆಯ ಕಡೆಗೆ ಎಳೆದದ್ದು ನೆನಪಿದೆ. ಮುಟ್ಟಬಾರದ್ದನ್ನೇ ಮುಟ್ಟಿದ್ದೇನೆ ಎಂಬುದು ಮುಟ್ಟಿದ ಮೇಲೆ ಹೊಳೆಯಿತು. ಇಬ್ಬರೂ ಏರಿಯ ಕೆಳಗಿನ ಕೆಸರಿಗೆ ಉರುಳಿದೆವು. ಗಳ ನಮ್ಮ ಪಕ್ಕ ಪೈರಿನ ಮೇಲೆ ಬಿತ್ತು, ತಂತಿ ಸುರುಳಿಯಾಗಿ ಅದರ ಮೇಲೆ.

ಕಿಡಿ ಹಾರಲಿಲ್ಲ. ಸದ್ದಾಗಲಿಲ್ಲ. ಡಾಕ್ಟರು ಗಾಬರಿಯಿಂದ ನನ್ನನ್ನು ನೋಡಿ, "ಏನಾಯ್ತು ಮೇಡಂ, ಹಾವಾ?" ಎಂದರು.

ನಾನು ಉತ್ತರ ಹೇಳುವ ಮುಂಚೆ ಗಾಡಿ ಬಂತು. ಹಳೆಯ ಎಂಜಿನ್ನುಗಳ ಹಾಗೆ ದೂರದಿಂದ ಗುಡುಗುತ್ತ ಬರಲಿಲ್ಲ. ಇದ್ದಕ್ಕಿದ್ದಂತೆ ಮರದ ಮರೆಯಿಂದ ನುಣ್ಣಗೆ ಬಂದು ನಮ್ಮ ತಲೆಯ ಮೇಲಿನ ಏರಿಯ ಪಕ್ಕದಲ್ಲೇ ಹಾದುಹೋಯಿತು. ಎಂಜಿನ್ನಿನ ನೆತ್ತಿಯ ಮೇಲಿನ ಚೌಕಟ್ಟು ಮೇಲೆದ್ದು ತಂತಿಗೆ ತಾಗಿಕೊಂಡಿತ್ತು. ಡಾಕ್ಟರು ಅದನ್ನೇ ನೋಡಿದರು. ಕೊನೆಯ ಬೋಗಿ ದಾಟಿದ ಮೇಲೂ ಅದೇ ದಿಕ್ಕಿಗೆ ನೋಡುತ್ತಿದ್ದರು.

"ಕೊಂಬು ಎತ್ತಿತ್ತು" ಎಂದರು, ದನದ ಮಾತಾಡುವ ಹಾಗೆ. "ಕರೆಂಟು ಬಿಟ್ಟಿದಾರೆ."

ನಾನು ಅವರ ಮುಖದ ಮುಂದೆ ಕೂತು, ತುಟಿ ಕಾಣುವ ಹಾಗೆ ಹೇಳಿದೆ. "ಯಜಮಾನ್ರು ನಿಮಗೆ ಆವತ್ತೇ ಹೇಳಿದ್ರಂತೆ."

"ಯಾವತ್ತು?"

"ರೇಡಿಯೋದಲ್ಲಿ. ನೀವು ಏನಂದ್ರಿ ಅಂತ ಅವರನ್ನೇ ಕೇಳಬೇಕು."

ಕೇಳುವ ಅಗತ್ಯವಿರಲಿಲ್ಲ. ತಾವು ಏನು ಅಂದಿರಬೇಕೆಂದು ಅವರಿಗೆ ಗೊತ್ತಿತ್ತು. ಕೆಸರಾದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಕೂತರು. ಒರೆಸಿಯೇ ಒರೆಸಿದರು.

ಹುಣಸೂರಿಗೆ ಮರಳುವ ದಾರಿಯಲ್ಲಿ ಅರ್ಧ ದೂರ ಬಂದಿದ್ದೆವು. ಅವರೇ ಮಾತು ಶುರು ಮಾಡಿದರು, ನನ್ನ ಕಡೆ ನೋಡದೆ.

"ಅವರೆಲ್ಲ ಏನೋ ಹೇಳ್ತಿದ್ರು ಮೇಡಂ. ನನಗೆ ಕಿರ್ ಅನ್ನೋದಷ್ಟೇ ಕೇಳ್ತಿತ್ತು. ಮತ್ತೆ ಹೇಳಿ ಅಂತ ಒಂದು ಸಲ ಅನ್ನಬಹುದು, ಎರಡು ಸಲ ಅನ್ನಬಹುದು. ಫೈವ್ ನೈನ್ ಅಂದ್ಬಿಟ್ರೆ ಯಾರೂ ಇನ್ನೇನೂ ಕೇಳಲ್ಲ. ಅದು ಅಷ್ಟು ಸುಲಭ ಅಂತ ನನಗೆ ಮೊದಲು ಗೊತ್ತಿರಲಿಲ್ಲ."

ಸ್ವಲ್ಪ ದೂರ ಹೋದ ಮೇಲೆ, "ಜೀವಮಾನವೆಲ್ಲ ಕೇಳಿಸಿಕೊಳ್ಳೋದನ್ನೇ ಕಸುಬು ಮಾಡ್ಕೊಂಡವನು, ಏನಂತ ಹೇಳ್ಲಿ?" ಎಂದರು. "ನಿಮ್ಮನ್ನೂ ಸಾಯಿಸ್ತಿದ್ದೆ."

ಇಲ್ಲ ಎನ್ನಬೇಕಿತ್ತು.

ಆವತ್ತಿನಿಂದ ನಾನು ಎಷ್ಟು ಸಲ ಆ ಕಾರಿನಲ್ಲಿ ಕೂತಿದ್ದೇನೋ. ಒಂದೊಂದು ಸಲ ಒಂದೊಂದನ್ನು ಬದಲಾಯಿಸಿ ನೋಡುತ್ತೇನೆ. ಬಿಸಿಲೆಂದು ಕಿಟಕಿ ಏರಿಸಿ, ಹಾಡು ಹಾಕಿಕೊಂಡಿದ್ದರೆ. ಸೆಟ್ಟು ಅವರ ಸೊಂಟದಲ್ಲೇ ಇದ್ದು ಅವರಿಗಷ್ಟೇ ಮಾತಾಡಿದ್ದರೆ. ಗಿರಣಿಗೆ ಆ ಹೊತ್ತಿಗೆ ಒಬ್ಬ ಗಿರಾಕಿ ಬಂದು ಯಜಮಾನರು ತೂಕಕ್ಕೆ ಎದ್ದಿದ್ದರೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಬಲಗೈ ಒಮ್ಮೊಮ್ಮೆ ನಡುಗುತ್ತದೆ. ಹುಡುಗರು ಬಿ.ಪಿ. ಇರಬೇಕು ಎಂದುಕೊಂಡಿದ್ದಾರೆ.

ಮನೆಗೆ ಬಂದು ಡಾಕ್ಟರು ಹೆಂಡತಿಯ ಮುಂದೆ ನಿಂತು, ತಮ್ಮ ಕಿವಿ ಹೋಗಿದೆ ಎಂದು ಹೇಳಿದರು. ಕೆಸರು ಬಟ್ಟೆಯಲ್ಲಿ, ಅಂಗಳದಲ್ಲೇ.

"ಗೊತ್ತು ಬುಡಿ" ಎಂದರು ಅಕ್ಕ. "ಕುಕ್ಕರ್ ಕೂಗಿದ್ದು ಗೊತ್ತಾಗ್ದೋರ್ಗೆ ನಾನ್ ಕೂಗಿದ್ದು ಗೊತ್ತಾಯ್ತದಾ?" ಆಮೇಲೆ ನನ್ನ ಕಡೆ ತಿರುಗಿ, ಅವರಿಗೆ ಕಾಣದ ಹಾಗೆ, "ಕೇಳ್ತದೆ ಅಂತಿದ್ರು, ನಾನೂ ಸರಿ ಅಂತಿದ್ದೆ ಕಣವ್ವ. ಕಿವುಡ್ರು ಅಂದ್ರೆ ರೇಡಿಯೋ ಮುಚ್ಬುಟ್ಟು ಮೂಲೇಲಿ ಕೂತ್ಕತಾರೆ. ಅದ್ಕೇ ನಿನ್ನ ಜೊತೇಲಿ ಕಳುಸ್ತಿದ್ದೆ. ಇಂಗಾಯ್ತದೆ ಅಂತ ಯಾರ್ ಕಂಡಿದ್ರು" ಎಂದು ನನ್ನ ತೋಳಿನ ಕೆಸರನ್ನು ತಮ್ಮ ಸೆರಗಿನಿಂದ ಒರೆಸಿದರು.

ಮುಂದಿನ ಭಾನುವಾರ ಅವರು ಎಲ್ಲಿಗೂ ಹೋಗಲಿಲ್ಲ. ತಮ್ಮ ಕೋಣೆಯಲ್ಲಿ ರೇಡಿಯೊ ಹಾಕಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಿರಣಿಯನ್ನು ಕರೆದರು. "ಯಜಮಾನ್ರೇ, ನಿಮ್ಮ ಸಿಗ್ನಲ್ ರಿಪೋರ್ಟ್ ಕೊಡ್ತೀನಿ. ಒನ್ ಒನ್. ಏನೂ ಅರ್ಥವಾಗ್ತಿಲ್ಲ. ಹೋದ ವರ್ಷದಿಂದ ಹೀಗೇ ಇದೆ. ನಿಮ್ಮ ಸೆಟ್ಟಿನ ತಪ್ಪಲ್ಲ, ನನ್ನ ಕಿವಿಯದು. ಇಷ್ಟು ದಿನ ಕೊಟ್ಟ ಫೈವ್ ನೈನ್‌ಗಳನ್ನೆಲ್ಲ ವಾಪಸ್ ತಗೊಂಡಿದೀನಿ."

ಯಜಮಾನರು ಉತ್ತರ ಕೊಟ್ಟರು. ನಾನು ಅದನ್ನು ಹಾಳೆಯ ಮೇಲೆ ಬರೆದು ಡಾಕ್ಟರ ಮುಂದೆ ಹಿಡಿದೆ. 'ನಾನೇನ್ ಹೇಳ್ದೆ, ತಿರುಗಿ ಹೇಳಿ ಅಂತ ಆವತ್ತು ಕೇಳ್ಬೇಕಿತ್ತು. ಕೇಳ್ದೇ ಹೋದೆ. ಫೈವ್ ನೈನ್ ಅಂದ್ರಲ್ಲ, ಖುಷಿ ಆಗ್ಬುಟ್ಟಿತ್ತು.'

ಡಾಕ್ಟರು ಓದಿ, ಮೈಕು ಒತ್ತಿ, "ಮೇಡಂ ಬರೆದುಕೊಟ್ರು, ಓದ್ದೆ" ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು.

ಕಿವಿಗೆ ಯಂತ್ರ ಹಾಕಿಸಿದ್ದಾಯಿತು. ಅದರಲ್ಲಿ ಅಕ್ಕನ ಮಾತು ಅಷ್ಟಿಷ್ಟು ಕೇಳುತ್ತಿತ್ತು, ರೇಡಿಯೊ ಮಾತ್ರ ಹುರಿಗಡಲೆ ಹುರಿದ ಹಾಗೆ ಎನ್ನುತ್ತಿದ್ದರು. ಆಮೇಲೆ ಅವರೇ ಒಂದು ದಾರಿ ಕಂಡುಕೊಂಡರು. ಹ್ಯಾಮ್‌ಗಳ ಹಳೆಯ ಕಟ್ಟ-ಕಡ ಭಾಷೆ, ಟೆಲಿಗ್ರಾಂನವರ ಮೋರ್ಸ್, ಅವರಿಗೆ ಬರುತ್ತಿತ್ತು. ಸ್ಪೀಕರಿನ ಜಾಲರಿ ಕಿತ್ತು, ಅದರ ಕಾಗದದ ಮೇಲೆ ಎರಡು ಬೆರಳು ಇಟ್ಟುಕೊಂಡು ಕೂರುವರು. ಸದ್ದು ಬಂದಾಗ ಕಾಗದ ಅದುರುವುದು, ಬೆರಳಿಗೆ ತಿಳಿಯುವುದು. ಹಸುವಿನ ಪಕ್ಕೆಗೆ ಕಿವಿಯಿಟ್ಟಾಗಿನ ಅದೇ ಮುಖ, ಅದೇ ಮುಚ್ಚಿದ ಕಣ್ಣು. ಯಜಮಾನರು ಪರೀಕ್ಷೆಯಾದ ಮೇಲೆ ಮರೆತಿದ್ದನ್ನು ಮತ್ತೆ ಕಲಿಯಬೇಕಾಯಿತು. "ಅರವತ್ತಾದ್ಮೇಲೆ ಅಕ್ಷರಾಭ್ಯಾಸ ಮಾಡ್ಸವ್ರೆ ನಿಮ್ ಡಾಕ್ಟ್ರು" ಎಂದು ನನ್ನ ಹತ್ತಿರ ಗೊಣಗಿದರು. ಆದರೆ ಕಲಿತರು. ಕಲಿತದ್ದು ಹೆಚ್ಚೇನಲ್ಲ. ಗಾಡಿ ಬಂತು, ಗಾಡಿ ಹೋಯಿತು. ಅವರಿಬ್ಬರಿಗೆ ಅಷ್ಟು ಸಾಕಾಗಿತ್ತು.

ಹೊಂಗೆ ಮರಕ್ಕೆ ಮತ್ತೆ ಹೋಗಲಿಲ್ಲ. ಗಳಗಳನ್ನು ಅಕ್ಕ ಅವರೆಕಾಯಿ ಬಳ್ಳಿ ಹಬ್ಬಿಸಲು ನೆಟ್ಟರು. ಭಾನುವಾರಗಳಲ್ಲಿ ನಾನು ಅವರನ್ನು ಕೆ.ಆರ್. ನಗರದ ಸ್ಟೇಷನ್ನಿಗೆ ಕರೆದೊಯ್ಯುತ್ತಿದ್ದೆ. ಪ್ಲಾಟ್‌ಫಾರಮ್ಮಿನ ತುದಿಯ ಕಲ್ಲು ಬೆಂಚಿನ ಮೇಲೆ ಕೂತು, ಅಂಗೈಯನ್ನು ಕಲ್ಲಿನ ಮೇಲೆ ಊರಿಕೊಂಡಿರುವರು. ಬಹಳ ಸಲ ನನ್ನ ಕಿವಿಗಿಂತ ಮುಂಚೆ ಅವರ ಕೈಗೆ ತಿಳಿಯುತ್ತಿತ್ತು. ಕೆಲವು ಸಲ ತಪ್ಪುತ್ತಿತ್ತು. ಹೊರಗೆ ರಸ್ತೆಯಲ್ಲಿ ಭತ್ತದ ಲಾರಿ ಹೋಗಿರುತ್ತಿತ್ತು ಅಷ್ಟೆ. ಬರುತ್ತಿದೆಯಾ ಎಂದು ನಾನು ಬೆರಳಾಡಿಸಿ ಕೇಳಿದರೆ, ಖಚಿತವಿದ್ದಾಗ ಮಾತ್ರ ತಲೆಯಾಡಿಸುವರು. ಇಲ್ಲದಿದ್ದರೆ, "ತ್ರೀ ಅಂತ ಇಟ್ಕೊಳ್ಳಿ. ಗ್ಯಾರಂಟಿ ಇಲ್ಲ" ಎನ್ನುವರು. ಹಾಗೆನ್ನುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು.

ನನಗೆ ಆ ಬೆಂಚಿನ ಮೇಲೆ ನೆಮ್ಮದಿ ಇರಲಿಲ್ಲ. ಮೇಲಿನ ತಂತಿಯನ್ನು ನೋಡದಿರಲು ನಾನು ಪಡುತ್ತಿದ್ದ ಪಾಡು ಅವರಿಗೆ ಗೊತ್ತಿತ್ತು ಎಂದು ಕಾಣುತ್ತದೆ. ಒಂದು ಸಲ, ಯಾವ ಪೀಠಿಕೆಯೂ ಇಲ್ಲದೆ, "ಮೇಡಂ, ನೀವು ಬರದಿದ್ರೂ ಪರವಾಗಿಲ್ಲ. ಬಸ್ಸಿದೆ" ಎಂದರು. ನಾನು ಬರುತ್ತೇನೆ ಎಂದೆ. ಅವರು ನನ್ನ ತುಟಿಯನ್ನೇ ನೋಡಿ, ನಿಜ ಹೇಳುತ್ತಿದ್ದೇನೆಯೇ ಎಂದು ಅಳೆದು, ಅಂಗೈಯನ್ನು ಮತ್ತೆ ಕಲ್ಲಿನ ಮೇಲೆ ಊರಿದರು.

ಮಣ್ಣು ಮಾಡಿ ಎಲ್ಲರೂ ಚದುರಿದ ಮೇಲೆ ಯಜಮಾನರನ್ನು ಅವರ ಊರಿಗೆ ಬಿಡಲು ನಾನೇ ಹೊರಟೆ. ಅಕ್ಕ ನೆಂಟರ ನಡುವೆ ಕೂತಿದ್ದವರು ಎದ್ದು ಕಾರಿನವರೆಗೆ ಬಂದರು. "ಸ್ಟೇಷನ್ ಕಡೆ ಹೋದ್ರೆ ಒಂದ್ ಗಳಿಗೆ ಕೂತಿದ್ದು ಬನ್ನಿ" ಎಂದರು, ಅಷ್ಟೇ.

ಸ್ಟೇಷನ್ನಿನಲ್ಲಿ ಜನ ಕಡಿಮೆ ಇದ್ದರು. ಅದೇ ಬೆಂಚು. ಯಜಮಾನರು ನಡುವೆ ಒಬ್ಬರಿಗೆ ಜಾಗ ಬಿಟ್ಟು ಆ ತುದಿಗೆ ಕೂತರು. ಕೈ ಸೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಹಾಕಿರಲಿಲ್ಲ. ನಾನು ಖಾಲಿ ಜಾಗದ ಕಲ್ಲಿನ ಮೇಲೆ ಬಲ ಅಂಗೈ ಊರಿದೆ. ತಣ್ಣಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಂಗೈಯಲ್ಲಿ ಸಣ್ಣ ನಡುಕ ಶುರುವಾಯಿತು.

ಯಜಮಾನರು ನನ್ನ ಕೈಯನ್ನೇ ನೋಡುತ್ತಿದ್ದರು. "ಬತ್ತಾ ಅದಾ ಮೇಡಂ?"

ನಡುಗುತ್ತಿರುವುದು ಕಲ್ಲೋ ನನ್ನ ಕೈಯೋ ತಿಳಿಯಲಿಲ್ಲ. "ಗೊತ್ತಾಗ್ತಿಲ್ಲ ಯಜಮಾನ್ರೇ" ಎಂದೆ.

"ಅಂಗಂದ್ರೆ ಸರಿ ಬುಡಿ" ಎಂದರು ಅವರು. "ಕಾಯಣ."